ಅಮ್ಮನ ಅಡುಗೆಮನೆಯಲ್ಲಿ ಆಲಿವ್ ಎಣ್ಣೆಯ ಕಿತ್ತಳೆ ಕೇಕ್

ನಮಸ್ಕಾರ. ವಿಡಿಯೋದಲ್ಲಿ ಹಿಂದೆ ಗುಂಯ್ ಅಂತ ಕೇಳಿಸ್ತಾ ಇದೆಯಲ್ಲ, ಅದು ತೋಟದ ಪಂಪಿನ ಸದ್ದು. ಜನವರಿ ತಿಂಗಳು, ಅಡಿಕೆಗೆ ನೀರು ಬಿಡುವ ಕಾಲ. ನಮ್ಮ ಮನೆ ಇರೋದು ಕಾಸರಗೋಡಿನ ಬದಿಯಡ್ಕದ ಹತ್ತಿರ, ತೋಟದ ಮಧ್ಯದಲ್ಲೇ. ಹಾಗಾಗಿ ಈ ಸದ್ದನ್ನು ತೆಗೆದುಹಾಕಲು ಹೋಗಲಿಲ್ಲ, ಇರಲಿ ಬಿಡಿ.

ಮೊದಲು ಈ ಬಾಟಲಿ ನೋಡಿ. ಬೆಳಗ್ಗೆ ಆರೂವರೆ ಗಂಟೆಗೆ ತೆಗೆದ ವಿಡಿಯೋ ಇದು. ನಮ್ಮದೇ ಕೊಬ್ಬರಿ ಮಿಲ್ಲಿಗೆ ಕೊಟ್ಟು ಮಾಡಿಸಿದ ತೆಂಗಿನೆಣ್ಣೆ. ಬಾಟಲಿ ಮಗುಚಿದರೂ ಕೆಳಗೆ ಬರ್ತಾ ಇಲ್ಲ, ಬಿಳಿ ಮೇಣದ ಹಾಗೆ ಗಟ್ಟಿಯಾಗಿದೆ. ಸುಮಾರು 24 ಡಿಗ್ರಿಗಿಂತ ತಂಪಾದರೆ ತೆಂಗಿನೆಣ್ಣೆ ಹೀಗಾಗ್ತದೆ, ನಮ್ಮ ಕಡೆ ಚಳಿಗಾಲದ ಬೆಳಗ್ಗೆ ಇದು ಮಾಮೂಲು. ಪಕ್ಕದಲ್ಲಿರುವ ಇನ್ನೊಂದು ಬಾಟಲಿ ಆಲಿವ್ ಎಣ್ಣೆಯದ್ದು. ಅದೇ ಕಪಾಟು, ಅದೇ ಚಳಿ, ಆದ್ರೂ ನೀರಿನ ಹಾಗೆ ಅಲುಗಾಡ್ತಾ ಇದೆ. ಇವತ್ತಿನ ಕೇಕಿನ ಅರ್ಧ ಗುಟ್ಟು ಇಲ್ಲೇ ಇದೆ. ಅದನ್ನು ಆಮೇಲೆ ಹೇಳ್ತೇನೆ.

ಆಲಿವ್ ಎಣ್ಣೆ ನಮ್ಮ ಮನೆಗೆ ಬಂದದ್ದು ಭಾವನ ಪೆಟ್ಟಿಗೆಯಲ್ಲಿ. ಅವರು ಗಲ್ಫಿನಿಂದ ಬಂದಾಗ ಖರ್ಜೂರ, ಬಾದಾಮಿ, ಹಾಲಿನ ಪುಡಿ ಎಲ್ಲದರ ಜೊತೆ ಒಂದು ಉದ್ದದ ಹಸಿರು ಬಾಟಲಿಯನ್ನೂ ತಂದಿದ್ದರು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ಕೇಳಿದ ಮೊದಲ ಮಾತು, "ಇದು ಬಾಬೆಗೆ ಕಿಟ್ಟುವ ಎಣ್ಣೆ ಅಲ್ಲದಾ?" ಮಗುವಿಗೆ ಹಚ್ಚುವ ಎಣ್ಣೆ ಅಲ್ವಾ ಅಂತ. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಾವು ಸಣ್ಣವರಿರುವಾಗ ಆಲಿವ್ ಎಣ್ಣೆ ಸಿಗ್ತಾ ಇದ್ದದ್ದು ಮೆಡಿಕಲ್ ಅಂಗಡಿಯಲ್ಲಿ, ಪುಟ್ಟ ಡಬ್ಬದಲ್ಲಿ, ಮೈಗೆ ಹಚ್ಚಲಿಕ್ಕೆ ಅಂತಲೇ. ಒಂದು ಮಾತು ಇಲ್ಲೇ ಹೇಳಿಬಿಡ್ತೇನೆ, ಆ ಹಚ್ಚುವ ಎಣ್ಣೆಯನ್ನು ದಯವಿಟ್ಟು ಕೇಕಿಗೆ ಹಾಕಬೇಡಿ. ತಿನ್ನಲಿಕ್ಕೆ ಅಂತ ಲೇಬಲ್ಲಿನಲ್ಲಿ ಬರೆದದ್ದೇ ಆಗಬೇಕು.

ನಾನೋ ಆ ಬಾಟಲಿಯನ್ನು ಒಂದೆರಡು ಸಲ ಸಲಾಡಿಗೆ ಹಾಕಿ ಒಲೆಯ ಪಕ್ಕದ ಕಿಟಕಿಯಲ್ಲಿ ಇಟ್ಟೆ. ನೋಡಲಿಕ್ಕೆ ಚಂದ ಕಾಣ್ತದೆ ಅಂತ. ಬಿಸಿಲು ಬೀಳ್ತಾ ಇತ್ತು, ಒಲೆಯ ಶಾಖ ಬೇರೆ, ಮುಚ್ಚಳವೂ ಸರಿ ಕೂತಿರಲಿಲ್ಲ. ಒಂದೂವರೆ ವರ್ಷ ಹಾಗೇ ಇತ್ತು. ಕಳೆದ ತಿಂಗಳು ಕೇಕ್ ಮಾಡುವ ಆಸೆ ಆಗಿ ಅದನ್ನೇ ತೆಗೆದಾಗ ಅಮ್ಮ ಅಂಗೈಗೆ ನಾಲ್ಕು ಹನಿ ಹಾಕಿಕೊಂಡರು, ಎರಡೂ ಕೈ ಉಜ್ಜಿದರು, ಮೂಗಿನ ಹತ್ತಿರ ತಂದರು. "ಕಮಟು" ಅಂದರು. ಅಷ್ಟೇ. ಮಿಲ್ಲಿನಿಂದ ತೆಂಗಿನೆಣ್ಣೆ ಬಂದಾಗಲೂ ಅಮ್ಮ ಹೀಗೇ ನೋಡೋದು. ನಾನು ಕೇಳಲಿಲ್ಲ. ಆಲಿವ್ ಎಣ್ಣೆಯ ವಾಸನೆಯೇ ಹಾಗೆ ಇರಬಹುದು, ಅಮ್ಮನಿಗೆ ಅಭ್ಯಾಸ ಇಲ್ಲ ಅಂದುಕೊಂಡೆ. ಕೇಕ್ ಚೆನ್ನಾಗಿಯೇ ಉಬ್ಬಿತು, ಬಣ್ಣವೂ ಬಂತು. ಬಾಯಿಗಿಟ್ಟರೆ ಹಳೇ ಹಪ್ಪಳದ ವಾಸನೆ. ಎರಡು ಕಿತ್ತಳೆ, ಒಂದು ನಿಂಬೆ, ಅರ್ಧ ದಿನದ ಕೆಲಸ ಎಲ್ಲಾ ಹೋಯ್ತು. ತುಂಬಾ ಬೇಜಾರಾಯ್ತು, ಅದರಲ್ಲೂ ಅಮ್ಮ ಒಂದು ಮಾತೂ ಆಡದೆ ಅವರ ಪಾಲಿನದ್ದನ್ನು ತಿಂದು ಮುಗಿಸಿದ್ದು ನೋಡಿ.

ಎಣ್ಣೆಯ ಶತ್ರುಗಳು ಮೂರು: ಬೆಳಕು, ಶಾಖ, ಗಾಳಿ. ಮೂರನ್ನೂ ನಾನೇ ಒದಗಿಸಿದ್ದೆ. ಎಣ್ಣೆ ಒಳ್ಳೆಯದಿದ್ದರೆ ಹಸಿ ಹುಲ್ಲಿನ ಹಾಗೆ, ಹಸಿ ಬಾದಾಮಿಯ ಹಾಗೆ ಒಂದು ಪರಿಮಳ ಇರ್ತದೆ. ನುಂಗುವಾಗ ಗಂಟಲಿನ ಹಿಂದೆ ಸ್ವಲ್ಪ ಖಾರ ಮುಟ್ಟಿದ ಹಾಗೆ ಆಗ್ತದೆ. ಅದು ಹಾಳಾದ್ದರ ಲಕ್ಷಣ ಅಲ್ಲ, ತಾಜಾ ಎಣ್ಣೆಯ ಗುಣ.

ಈ ಸಲ ಹೊಸದು ತಂದೆ. ಅಂಗಡಿಯಲ್ಲಿ ಮೂರು ನಾಲ್ಕು ತರದ್ದು ಇರ್ತದೆ, ಬೆಲೆ ನೋಡಿ ಗೊಂದಲ ಆಗ್ತದೆ. ನಮ್ಮ ಕಡೆಯವರಿಗೆ ಅರ್ಥ ಆಗುವ ಹಾಗೆ ಹೇಳ್ತೇನೆ. ಎಕ್ಸ್‌ಟ್ರಾ ವರ್ಜಿನ್ ಅಂದ್ರೆ ನಮ್ಮ ಗಾಣದ ಎಣ್ಣೆ ಇದ್ದ ಹಾಗೆ, ಕಾಯಿಯನ್ನು ಅರೆದು ಯಂತ್ರದಲ್ಲೇ ಎಣ್ಣೆ ಬೇರೆ ಮಾಡಿದ್ದು, ರಾಸಾಯನಿಕ ಹಾಕಿದ್ದಲ್ಲ. ಪೊಮೆಸ್ ಅಂತ ಬರೆದಿದ್ದರೆ ಅದು ಹಿಂಡಿಯಿಂದ ಮತ್ತೊಮ್ಮೆ ದ್ರಾವಕ ಹಾಕಿ ತೆಗೆದು ಶುದ್ಧ ಮಾಡಿದ ಎಣ್ಣೆ. ಕರಿಯಲಿಕ್ಕೆ ಆದೀತು, ಈ ಕೇಕಿಗೆ ಬೇಡ. ಗಾಢ ಬಣ್ಣದ ಬಾಟಲಿ ಇರಲಿ, ತಾರೀಕು ಹೊಸದಿರಲಿ, ಸಣ್ಣ ಬಾಟಲಿಯೇ ಸಾಕು.

ತುಂಬ ಜನ ಕೇಳುವ ಒಂದು ಪ್ರಶ್ನೆ ಇದೆ, ಎಕ್ಸ್‌ಟ್ರಾ ವರ್ಜಿನ್ ಬಿಸಿ ಮಾಡಬಾರದಂತೆ ಅಲ್ವಾ ಅಂತ. ಓವನ್ 175 ಡಿಗ್ರಿಯಲ್ಲಿದ್ದರೂ ಕೇಕಿನ ಒಳಗಿನ ಶಾಖ ನೂರರ ಹತ್ತಿರವೇ ನಿಲ್ತದೆ, ಯಾಕಂದ್ರೆ ಹಿಟ್ಟಿನೊಳಗೆ ನೀರಿದೆ. ಎಣ್ಣೆ ಹೊಗೆಯಾಡುವಷ್ಟು ಬಿಸಿಯೇ ಆಗೋದಿಲ್ಲ. ಧೈರ್ಯವಾಗಿ ಹಾಕಿ.

ಇನ್ನು ಹಣ್ಣಿಗೆ ಬರೋಣ. ಇದು ಕೊಡಗಿನ ಕಿತ್ತಳೆ. ಮಡಿಕೇರಿ ಕಡೆಯಿಂದ ಸುಳ್ಯ, ಜಾಲ್ಸೂರು, ಮುಳ್ಳೇರಿಯ ದಾರಿಯಾಗಿ ನಮ್ಮ ಕಡೆಗೆ ಬರ್ತದೆ. ಹೊರಗೆ ಹಸಿರು ಹಳದಿ ಬಣ್ಣ, ನೋಡಲಿಕ್ಕೆ ಹಣ್ಣಾಗಲಿಲ್ಲವೇನೋ ಅನ್ನಿಸ್ತದೆ. ಉಗುರಿನಲ್ಲಿ ಸಿಪ್ಪೆ ಗೀರಿದರೆ ಗೊತ್ತಾಗ್ತದೆ. ಶಾಲೆಯಲ್ಲಿ ಕಿತ್ತಳೆ ಸಿಪ್ಪೆ ಮಡಚಿ ಪಕ್ಕದವರ ಕಣ್ಣಿಗೆ ಚಿಮ್ಮಿಸ್ತಾ ಇದ್ದದ್ದು ನೆನಪಿದೆಯಾ? ಕಣ್ಣು ಉರೀತಾ ಇತ್ತಲ್ಲ, ಆ ಹನಿಯೇ ಈ ಕೇಕಿಗೆ ಬೇಕಾದದ್ದು. ಸಿಪ್ಪೆಯ ಬಣ್ಣದ ಭಾಗದಲ್ಲಿ ಸಣ್ಣ ಸಣ್ಣ ಚೀಲಗಳಿವೆ, ಅದರೊಳಗೆ ಎಣ್ಣೆ ಇದೆ. ರಸದಲ್ಲಿ ಹುಳಿ, ಸಿಹಿ ಇರ್ತದೆ. ಆದರೆ ಬೆಂದ ಮೇಲೂ ಉಳಿಯುವ ಕಿತ್ತಳೆಯ ಪರಿಮಳ ಸಿಪ್ಪೆಯದ್ದೇ. ಆ ಪರಿಮಳ ಎಣ್ಣೆಯಲ್ಲಿ ಕರಗ್ತದೆ, ನೀರಿನಲ್ಲಿ ಅಲ್ಲ. ಎಣ್ಣೆಗೂ ಸಿಪ್ಪೆಗೂ ಹೊಂದಿಕೆ ಆಗೋದು ಹೀಗೆ.

ಹಣ್ಣನ್ನು ಸುಲಿಯುವ ಮೊದಲೇ ತುರಿಯಬೇಕು. ಕಿತ್ತಳೆಯ ಸಿಪ್ಪೆಯನ್ನು ಜೋರಾಗಿ ಒತ್ತಿದರೆ ಒಳಗೆ ಕುಗ್ಗಿಬಿಡ್ತದೆ. ಅದಕ್ಕೆ ಶುಂಠಿ ತುರಿಯುವ ಸಣ್ಣ ಹಲ್ಲಿನದ್ದನ್ನೇ ತೆಗೆದುಕೊಳ್ಳಿ, ಹಗುರ ಕೈಯಲ್ಲಿ, ಒಂದೇ ಜಾಗದಲ್ಲಿ ಎರಡು ಸಲ ಎಳೆಯದೆ, ಹಣ್ಣನ್ನು ತಿರುಗಿಸ್ತಾ ತಿರುಗಿಸ್ತಾ. ಬಿಳಿ ಕಂಡಿತು ಅಂದ್ರೆ ನಿಲ್ಲಿಸಿ. ಬಿಳಿ ಭಾಗ ಕಹಿ. ಎರಡು ಕಿತ್ತಳೆ, ಒಂದು ನಿಂಬೆ, ಇಷ್ಟು ಸಿಪ್ಪೆಯ ತುರಿ ಸಾಕು.

ಈಗ ತುರಿಯನ್ನು 150 ಗ್ರಾಂ ಸಕ್ಕರೆಗೆ ಹಾಕಿ ಬೆರಳಿನಲ್ಲಿ ತಿಕ್ಕಬೇಕು. ಕ್ಯಾಮೆರಾ ಹತ್ತಿರ ತಂದಿದ್ದೇನೆ, ಸಕ್ಕರೆ ಮೊದಲು ಬಿಳಿ, ಒಣಗಿ ಹರಳು ಹರಳಾಗಿದೆ. ಒಂದು ನಿಮಿಷ ಆಯ್ತು, ಬೆರಳಿಗೆ ಅಂಟ್ತಾ ಇದೆ. ಎರಡು ನಿಮಿಷಕ್ಕೆ ಸಮುದ್ರದಂಡೆಯ ಒದ್ದೆ ಮರಳಿನ ಹಾಗೆ ಆಯ್ತು, ತಿಳಿ ಹಳದಿ ಬಣ್ಣ. ಸಕ್ಕರೆಯ ಹರಳು ಆ ಚೀಲಗಳನ್ನು ಒಡೆದು ಎಣ್ಣೆಯನ್ನು ಹೀರಿಕೊಂಡಿದೆ. ವಿಡಿಯೋದಲ್ಲಿ ವಾಸನೆ ಕಳಿಸುವ ಹಾಗಿದ್ದರೆ ಈ ಒಂದು ಗಳಿಗೆಯದ್ದನ್ನು ಕಳಿಸ್ತಾ ಇದ್ದೆ. ಅಂಗಳದಲ್ಲಿ ಅಡಿಕೆ ಕೂಡಿಸ್ತಾ ಇದ್ದ ಅಪ್ಪ ಜಗಲಿಗೆ ಬಂದು, ಯಾರು ಕಿತ್ತಳೆ ಸುಲಿದದ್ದು ಅಂತ ಕೇಳಿದರು.

ನಮ್ಮ ಅಡುಗೆಮನೆಗೆ ಮೊಟ್ಟೆ ಬರೋದಿಲ್ಲ. ಅದು ಅಮ್ಮನ ಪದ್ಧತಿ, ನನಗೂ ಅದರ ಬಗ್ಗೆ ತಕರಾರಿಲ್ಲ. ಆದ್ದರಿಂದ ಇಲ್ಲಿ ಕೇಕನ್ನು ಎತ್ತುವ ಕೆಲಸ ಮೊಸರಿನದ್ದು. ಒಂದು ಕಪ್, ಅಂದ್ರೆ 240 ಎಂಎಲ್ ಗಟ್ಟಿ ಮೊಸರು, ತುಂಬ ಹುಳಿ ಬಂದದ್ದು ಬೇಡ, ನಿನ್ನೆ ರಾತ್ರಿ ಹೆಪ್ಪು ಹಾಕಿದ್ದೇ ಸರಿ. ಅದಕ್ಕೆ ಈ ಸಕ್ಕರೆ ಹಾಕಿ ಕರಗುವ ತನಕ ಕದಡಿ. ಆಮೇಲೆ ಅರ್ಧ ಕಪ್ ಆಲಿವ್ ಎಣ್ಣೆ, ಸಣ್ಣ ಧಾರೆಯಲ್ಲಿ, ಕೈ ನಿಲ್ಲಿಸದೆ. ಮಜ್ಜಿಗೆ ಕಡೆಯುವ ಹಾಗೆ ಕಡೆದರೆ ಎಣ್ಣೆ ಬೇರೆಯಾಗಿ ತೇಲೋದಿಲ್ಲ, ಹಳದಿ ಮಿಶ್ರಣ ಹೊಳೀತದೆ. ಎರಡು ದೊಡ್ಡ ಚಮಚ ಕಿತ್ತಳೆ ರಸ ಕೊನೆಗೆ. ರಸ ಜಾಸ್ತಿ ಹಾಕಿದರೆ ಪರಿಮಳ ಜಾಸ್ತಿ ಆಗೋದಿಲ್ಲ, ಹಿಟ್ಟು ತೆಳ್ಳಗಾಗಿ ಕೇಕಿನ ಮಧ್ಯ ಕುಸೀತದೆ ಅಷ್ಟೇ.

ಬೇರೆ ಪಾತ್ರೆಯಲ್ಲಿ ಒಂದೂವರೆ ಕಪ್ ಮೈದಾ, ಸುಮಾರು 190 ಗ್ರಾಂ. ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ, ಎರಡು ಚಿಟಿಕೆ ಉಪ್ಪು. ಎಲ್ಲಾ ಜರಡಿ ಹಿಡಿದು ಇಟ್ಟುಕೊಳ್ಳಿ. ಓವನ್ ಬಿಸಿಯಾಗಿರಬೇಕು, ಪಾತ್ರೆಗೆ ಎಣ್ಣೆ ಸವರಿ ತಯಾರಾಗಿರಬೇಕು, ಆಮೇಲೆಯೇ ಹಿಟ್ಟನ್ನು ಮೊಸರಿಗೆ ಸೇರಿಸೋದು. ಮೊಸರಿನ ಹುಳಿ ತಾಗಿದ ಕೂಡಲೇ ಸೋಡಾ ನೊರೆ ಎಬ್ಬಿಸ್ತದೆ, ನೀವು ಪಾತ್ರೆ ಹುಡುಕ್ತಾ ನಿಂತರೆ ಆ ಗಾಳಿಯೆಲ್ಲ ಹೊರಗೆ ಹೋಯ್ತು. ಹಿಟ್ಟು ಮರೆಯಾಗುವಷ್ಟೇ ತಿರುಗಿಸಿ, ಸಣ್ಣ ಗಂಟು ಇದ್ದರೂ ಪರವಾಗಿಲ್ಲ. ಜಾಸ್ತಿ ಕಲಸಿದರೆ ಮೈದಾ ಜಿಗಿ ಬಂದು ಕೇಕ್ ರಬ್ಬರಿನ ಹಾಗೆ ಆಗ್ತದೆ.

ಏಳು ಇಂಚಿನ ಪಾತ್ರೆ, 175 ಡಿಗ್ರಿ, ನಲವತ್ತರಿಂದ ನಲವತ್ತೈದು ನಿಮಿಷ.

ಇಪ್ಪತ್ತೆರಡನೇ ನಿಮಿಷಕ್ಕೆ ಕರೆಂಟ್ ಹೋಯ್ತು. ವಿಡಿಯೋ ಕತ್ತಲಾದದ್ದು ಅದಕ್ಕೇ. ನನ್ನ ಕೈ ಸೀದಾ ಓವನ್ನಿನ ಬಾಗಿಲಿಗೆ ಹೋಯ್ತು. ಅಮ್ಮ ತಡೆದರು. ಕೊಟ್ಟಿಗೆ, ಅಂದ್ರೆ ಕಡುಬು ಬೇಯಿಸುವಾಗ ನಡುವೆ ಅಟ್ಟಿನಳಗೆಯ, ಅಂದ್ರೆ ಹಬೆ ಪಾತ್ರೆಯ ಮುಚ್ಚಳ ತೆಗೀತೇವಾ ಅಂತ ಕೇಳಿದರು. ಸರಿಯಾದ ಮಾತು. ಬಾಗಿಲು ತೆರೆದಿದ್ದರೆ ಒಳಗಿನ ಶಾಖ ಒಂದೇ ಸಲ ಹೊರಗೆ ಬಂದು, ಅರ್ಧ ಬೆಂದ ಕೇಕ್ ಇಳಿದುಬಿಡ್ತಾ ಇತ್ತು. ಸುಮ್ನೆ ಕಾದೆವು. ಒಂಬತ್ತು ನಿಮಿಷಕ್ಕೆ ಕರೆಂಟ್ ಬಂತು. ಅಷ್ಟೂ ಹೊತ್ತು ಒಳಗಿನ ಕಂಬಿಗಳು, ತಟ್ಟೆ ಬಿಸಿಯನ್ನು ಹಿಡಿದಿಟ್ಟಿದ್ದವು. ಹತ್ತು ನಿಮಿಷ ಜಾಸ್ತಿ ಇಟ್ಟೆ.

ಬೆಂದಿದೆಯಾ ಅಂತ ನೋಡಲು ಅಮ್ಮ ಹೊಸ ಹಿಡಿಸೂಡಿಯಿಂದ ಒಂದು ತೆಂಗಿನ ಗರಿಯ ಕಡ್ಡಿ ಎಳೆದು, ತೊಳೆದು ಕೊಟ್ಟರು. ಮಧ್ಯಕ್ಕೆ ಚುಚ್ಚಿದೆ. ಒಂದೆರಡು ತೇವದ ಪುಡಿ ಅಂಟಿಕೊಂಡು ಬಂತು, ಹಸಿ ಹಿಟ್ಟು ಇಲ್ಲ. ಇಷ್ಟಾದರೆ ಸಾಕು.

ಈಗ ಬೆಳಗ್ಗೆಯ ಆ ಎರಡು ಬಾಟಲಿಯ ವಿಷಯ. ಬೆಣ್ಣೆ ಹಾಕಿದ ಕೇಕ್ ತಣಿದಾಗ ಒಳಗಿನ ಬೆಣ್ಣೆಯೂ ಗಟ್ಟಿಯಾಗ್ತದೆ, ಅದಕ್ಕೇ ಮರುದಿನ ಒಣಗಿದ ಹಾಗೆ ಅನ್ನಿಸೋದು. ತೆಂಗಿನೆಣ್ಣೆ ಹಾಕಿದರೂ ಈ ಚಳಿಯಲ್ಲಿ ಅದೇ ಕತೆ, ಜೊತೆಗೆ ಅದರ ಪರಿಮಳದ ಮುಂದೆ ಕಿತ್ತಳೆ ಏಳೋದಿಲ್ಲ. ಇದನ್ನು ಹೇಳುವಾಗ ನನಗೂ ಸ್ವಲ್ಪ ಕಷ್ಟ ಆಗ್ತದೆ. ನಮ್ಮ ಕಾಸರಗೋಡು 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ಶುರುವಾದ ಊರು, ನಮ್ಮ ಮನೆಯ ಒಗ್ಗರಣೆ, ಹಪ್ಪಳ, ತಲೆಕೂದಲು ಎಲ್ಲಾ ತೆಂಗಿನೆಣ್ಣೆಯದ್ದೇ. ಆದ್ರೆ ಈ ಕೇಕಿಗೆ ಆಲಿವ್ ಎಣ್ಣೆಯೇ ಸರಿ. ಅದು ತಣಿದರೂ ದ್ರವವಾಗಿಯೇ ಇರ್ತದೆ, ಕೇಕ್ ಮೆತ್ತಗೇ ಉಳೀತದೆ. ವಾಸನೆಯೇ ಇಲ್ಲದ ರಿಫೈಂಡ್ ಎಣ್ಣೆ ಹಾಕಿದರೂ ಮೆತ್ತಗೆ ಆಗ್ತದೆ, ಅನುಮಾನ ಇಲ್ಲ. ಆದರೆ ಸಿಹಿಯ ಹಿಂದೆ ಬರುವ ಆ ಸಣ್ಣ ಕಹಿ, ಕಿತ್ತಳೆ ಸಿಪ್ಪೆಯ ಜೊತೆ ಬೆರೆತು ನಾಲಿಗೆಯಲ್ಲಿ ನಿಲ್ಲೋದಿದೆಯಲ್ಲ, ಅದು ಸಿಗೋದಿಲ್ಲ. ನನಗೆ ಈ ಕೇಕ್ ಇಷ್ಟವಾದದ್ದೇ ಅದಕ್ಕೆ.

ದಯವಿಟ್ಟು ಬಿಸಿ ಬಿಸಿ ತಿನ್ನಬೇಡಿ. ಒಂದು ರಾತ್ರಿ ಮುಚ್ಚಿಡಿ. ಮರುದಿನಕ್ಕೆ ಪರಿಮಳ ಹದವಾಗಿ ಕೂತಿರ್ತದೆ.

ಇದು ಮರುದಿನ ಬೆಳಗ್ಗೆ. ಪಕ್ಕದ ಮನೆಯ ಇತ್ತನಿಗೆ, ಅಂದ್ರೆ ಅಕ್ಕನಿಗೆ, ಎರಡು ತುಂಡು ಕಳಿಸಿದೆ. ಅವರು ಕುಕ್ಕರಿನಲ್ಲಿ ಮಾಡುವ ಕಲ್ತಪ್ಪದ ಮುಂದೆ ನನ್ನ ಕೇಕ್ ಏನೂ ಅಲ್ಲ. ಬೆಲ್ಲ, ಅಕ್ಕಿಹಿಟ್ಟು, ಹುರಿದ ತೆಂಗಿನ ಚೂರು ಹಾಕಿದ್ದು, ಅದನ್ನು ಒಂದು ದಿನ ಅವರ ಮನೆಯಲ್ಲೇ ಹೋಗಿ ತೋರಿಸ್ತೇನೆ, ಕೇಳಿ ಒಪ್ಪಿಸಿದ್ದೇನೆ. ಪಾತ್ರೆ ವಾಪಸ್ ಕೊಡುವಾಗ ಇದಕ್ಕೆ ಎಷ್ಟು ಮೊಟ್ಟೆ ಅಂತ ಕೇಳಿದರು. ಒಂದೂ ಇಲ್ಲ ಅಂದಾಗ ಮತ್ತೊಮ್ಮೆ ಹೇಳಿಸಿಕೊಂಡರು.

ಅಮ್ಮ ಚಾದ ಜೊತೆ ಒಂದು ತುಂಡು ತೆಗೆದುಕೊಂಡರು. ಕಚ್ಚಲಿಲ್ಲ, ಮೊದಲು ಎರಡು ಮಾಡಿ ಮೂಗಿನ ಹತ್ತಿರ ತಂದರು. ನಾನು ಕ್ಯಾಮೆರಾ ಹಿಡಿದು ನಿಂತಿದ್ದೆ, ನಿಜವಾಗಿ ಹೆದರಿಕೆ ಆಗ್ತಾ ಇತ್ತು. ತಿಂದರು. ಇನ್ನೊಂದು ತುಂಡಿಗೆ ಕೈ ಹಾಕಿದರು. ಆಮೇಲೆ ಎದ್ದು, ನಾನು ನಿನ್ನೆ ಒಲೆಯ ಪಕ್ಕ ಬಿಟ್ಟಿದ್ದ ಆಲಿವ್ ಎಣ್ಣೆಯ ಬಾಟಲಿಯನ್ನು ತೆಗೆದು, ಮುಚ್ಚಳ ಗಟ್ಟಿ ತಿರುಗಿಸಿ, ಕಪಾಟಿನ ಕೆಳಗಿನ ಕತ್ತಲೆ ಖಾನೆಯಲ್ಲಿ ತೆಂಗಿನೆಣ್ಣೆಯ ಪಕ್ಕ ಇಟ್ಟರು.