ಪಾವಗಡದ ಬಿಸಿಲಲ್ಲಿ ಕೂಲಿಯವರಿಗೆ ಪಾಲು ಬೇಡವೇ?

ನಮಸ್ಕಾರ. ಇವತ್ತು ಪಾವಗಡದ ಸೋಲಾರ್ ಪಾರ್ಕ್ ಬಗ್ಗೆ ಮಾತಾಡೋಣ. ತಿರುಮಣಿ, ವಳ್ಳೂರು ಸೇರಿ ಐದು ಊರುಗಳಲ್ಲಿ ಸುಮಾರು 13,000 ಎಕರೆ. 2,050 ಮೆಗಾವ್ಯಾಟ್. ಮಳೆ ಕೈಕೊಟ್ಟು, ಬೋರ್‌ವೆಲ್ ಬತ್ತಿ, ಜನ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ತಾಲ್ಲೂಕು ಅದು.

ಒಂದು ಒಳ್ಳೆಯ ಮಾತು ಮೊದಲು ಹೇಳಲೇಬೇಕು. ಅಲ್ಲಿ ಸರ್ಕಾರ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಪಹಣಿಯಲ್ಲಿ ರೈತನ ಹೆಸರು ಹಾಗೇ ಉಳಿಯಿತು. ಶೇಂಗಾ ಬಿತ್ತಿ ಬೀಜದ ದುಡ್ಡೂ ಹುಟ್ಟದೆ ಕೂತವರಿಗೆ ಇದು ದೊಡ್ಡ ಆಸರೆ.

ಆದರೆ ಆ ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದವರು, ಶೇಂಗಾ ಬಿಡಿಸುತ್ತಿದ್ದವರು? ಅವರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಹಾಗಾಗಿ ಬಾಡಿಗೆಯೂ ಇಲ್ಲ. ಹತ್ತು ಎಕರೆ ಇದ್ದವರಿಗೆ ವರ್ಷಕ್ಕೆ ಎರಡು ಲಕ್ಷದ ಮೇಲೆ, ಅದೇ ಹೊಲದಲ್ಲಿ ದುಡಿದವರಿಗೆ ಸೊನ್ನೆ. ಕುರಿ ಮೇಯಿಸುತ್ತಿದ್ದವರ ದಾರಿಗೆ ಬೇಲಿ ಬಂತು. ಪ್ಯಾನೆಲ್ ಒರೆಸುವುದು, ಹುಲ್ಲು ಕೀಳುವುದು, ಕಾವಲು ಕಾಯುವುದು, ಇಂಥ ಕೆಲಸ ಕೆಲವರಿಗೆ ಸಿಕ್ಕಿತು. ಎಲ್ಲರಿಗೂ ಕೊಡುವಷ್ಟು ಕೆಲಸ ಸೋಲಾರ್‌ನಲ್ಲಿ ಹುಟ್ಟುವುದೇ ಇಲ್ಲ. ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಬೇರೆ ದಾರಿ ಇಲ್ಲ ಅಂತಲ್ಲ. ಚೀನಾ 2014ರಿಂದ ಬಡ ಹಳ್ಳಿಗಳಲ್ಲಿ ಸಣ್ಣ ಸೋಲಾರ್ ಘಟಕ ಕಟ್ಟಿಸಿತು. ಆದಾಯ ಊರಿನ ಸಾಮೂಹಿಕ ನಿಧಿಗೆ. ಅದರಲ್ಲಿ ಬಡವರಿಗೆ ಊರಿನ ಕೆಲಸ ಕೊಟ್ಟು ಕೂಲಿ ಕೊಡುತ್ತಾರೆ. ಅಲ್ಲಿನ ಚಿಂಗ್‌ಹಾಯ್ ಪ್ರಾಂತ್ಯದ ದೊಡ್ಡ ಪಾರ್ಕ್‌ನಲ್ಲಿ ಪ್ಯಾನೆಲ್ ಎತ್ತರಿಸಿ ಕೆಳಗೆ ಕುರಿ ಮೇಯಲು ಬಿಟ್ಟಿದ್ದಾರೆ. ಹುಲ್ಲು ಕೀಳುವ ಖರ್ಚೂ ಉಳಿಯಿತು, ಅಲ್ವಾ?

ನಮ್ಮಲ್ಲೂ ಯೂನಿಟ್‌ಗೆ 5 ಪೈಸೆ ಊರಿಗೆ ಅಂತ ತೆಗೆದಿಡಲಿ. ಇಷ್ಟು ದೊಡ್ಡ ಪಾರ್ಕ್ ವರ್ಷಕ್ಕೆ ಸುಮಾರು 400 ಕೋಟಿ ಯೂನಿಟ್ ಕೊಡುತ್ತದೆ ಎಂದು ಹಿಡಿದರೆ 20 ಕೋಟಿ ರೂಪಾಯಿ. ಆರಂಭದ ದರದಲ್ಲಿ ಜಮೀನಿನವರಿಗೆ ಹೋಗುವ ಇಡೀ ಬಾಡಿಗೆಯೇ ಸುಮಾರು 27 ಕೋಟಿ! ಊರಿಗೆ ಬರುವ ಆ 20 ಕೋಟಿ ಭೂಮಿ ಇಲ್ಲದ ಮನೆಗಳಿಗೇ ಮೀಸಲಾಗಲಿ. ಕರೆಂಟ್ ದರ 5 ಪೈಸೆ ಜಾಸ್ತಿ ಆದರೆ ಆಗಲಿ, ಸಿಟಿಯಲ್ಲಿ ಫ್ಯಾನ್ ಹಾಕಿಕೊಂಡು ಕೂತ ನಾವು ಅಷ್ಟು ಕೊಡಬಲ್ಲೆವು.

2030ಕ್ಕೆ 500 ಗಿಗಾವ್ಯಾಟ್ ಪಳೆಯುಳಿಕೆ ಇಂಧನವಲ್ಲದ ವಿದ್ಯುತ್ ಸಾಮರ್ಥ್ಯ ಅಂತ ದೇಶ ಗುರಿ ಇಟ್ಟಿದೆ. ಇನ್ನೂ ಎಷ್ಟೋ ಊರುಗಳ ಹೊಲಕ್ಕೆ ಪ್ಯಾನೆಲ್ ಬರುತ್ತದೆ. ಊರಿಗೆ 5 ಪೈಸೆ ಎಂಬ ಷರತ್ತನ್ನು ಟೆಂಡರ್ ಕರೆಯುವಾಗಲೇ ಬರೆಯಬೇಕು. ಪಾರ್ಕ್ ಕಟ್ಟಿ ಮುಗಿದ ಮೇಲೆ ಕೇಳಿದರೆ, ಕಂಪನಿಯವರು ಸಹಿ ಆದ ಒಪ್ಪಂದ ತೋರಿಸಿ ಕಳಿಸುತ್ತಾರೆ.