ಹಬೆ ಹಿಡಿದ ಪರದೆ, ಬೆನ್ನು ಮಾಡಿ ಕೂತವರ ತೀರ್ಪು

ಕೇಳುಗರೆಲ್ಲರಿಗೂ ನಮಸ್ಕಾರ.

ಪಾಂಡವಪುರದ ಕಡೆ ನಮ್ಮ ನೆಂಟರದೊಂದು ಆಲೆಮನೆ ಇದೆ. ಚುನಾವಣೆ ಹತ್ತಿರ ಬಂದಿದ್ದ ಒಂದು ಸಂಜೆ ಅಲ್ಲಿದ್ದೆ. ಟೀವಿಯಲ್ಲಿ ನಾಯಕರ ಚರ್ಚೆ. ಆಲೆಮನೆಯಲ್ಲಿ ಟೀವಿ ಎಲ್ಲಿಂದ ಬರಬೇಕು? ಹುಡುಗನೊಬ್ಬ ಮೊಬೈಲನ್ನು ಬೆಲ್ಲದ ಅಚ್ಚಿನ ಮಣೆಗೆ ಒರಗಿಸಿಟ್ಟಿದ್ದ. ಕೊಪ್ಪರಿಗೆಯ ಹಬೆಗೆ ಎರಡು ನಿಮಿಷಕ್ಕೊಮ್ಮೆ ಪರದೆ ಮಂಜಾಗುತ್ತಿತ್ತು. ಅವನು ಟವೆಲಿನಲ್ಲಿ ಒರೆಸುತ್ತಿದ್ದ. ಸುತ್ತ ಆರೇಳು ಜನ.

ವೇದಿಕೆ ಮೇಲೆ ದೊಡ್ಡ ಪಕ್ಷದವರು ಮೂವರು, ಸಣ್ಣ ಪಕ್ಷದವರು ಇಬ್ಬರು. ಸಣ್ಣವರಿಗೆ ಪಾಳಿ ಬರುವ ಹೊತ್ತಿಗೆ ಜಾಹೀರಾತು ಬಂದಿರುತ್ತಿತ್ತು, ಬಿಡಿ. ಇಬ್ಬರಲ್ಲಿ ಒಬ್ಬರದು ಗರಿಗರಿ ಇಸ್ತ್ರಿ ಶರ್ಟು, ನೀರು ಹರಿದ ಹಾಗೆ ಮಾತು. ಇನ್ನೊಬ್ಬರು ತಡವರಿಸುತ್ತಿದ್ದರು. ಚೀಟಿ ನೋಡುತ್ತಿದ್ದರು, ಕನ್ನಡಕ ಸರಿ ಮಾಡಿಕೊಳ್ಳುತ್ತಿದ್ದರು. ನೋಡಿದವರೆಲ್ಲ ಒಂದೇ ಮಾತು: "ಇಸ್ತ್ರಿ ಶರ್ಟಿನೋನು ಸಂದಾಕ್ ಮಾತಾಡ್ತನೆ ಕಣ್ಲಾ."

ಕೊಪ್ಪರಿಗೆ ಹತ್ತಿರ ಪಾಕ ನೋಡುವ ಹಿರಿಯರೊಬ್ಬರಿದ್ದರು. ಪಾಕ ಬಿಟ್ಟು ಆ ಕಡೆ ತಿರುಗುವ ಹಾಗಿಲ್ಲ. ಒಂದು ಚಣ ತಪ್ಪಿದರೆ ಬೆಲ್ಲ ಸೀದುಹೋಗುತ್ತೆ. ಅವರು ಇಡೀ ಚರ್ಚೆಯನ್ನು ಮೊಬೈಲಿಗೆ ಬೆನ್ನು ಮಾಡಿ ಕೇಳಿದವರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅದ್ಯಾರ್ಲಾ, ಬಡ್ಡಿ ವಿಚಾರ ಹೇಳಿದೋನು?"

ಹೇಳಿದ್ದು ಆ ತಡವರಿಸುತ್ತಿದ್ದ ಮನುಷ್ಯ. ಕಾರ್ಖಾನೆಗೆ ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ದುಡ್ಡು ಸಲ್ಲಬೇಕು. ತಡವಾದರೆ ವರ್ಷಕ್ಕೆ ಶೇಕಡ 15ರ ಬಡ್ಡಿ ಸೇರಿಸಿ ಕೊಡಬೇಕು. ಇದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. "ಇಲ್ಲಿರೋ ಯಾರಾದರೂ ಆ ಬಡ್ಡಿ ಕೊಡಿಸಿದ್ದೀರಾ?" ಅಂತ ಆತ ಕೇಳಿದ್ದ. ದೊಡ್ಡವರು ಮೂವರೂ ಬೇರೆ ಮಾತು ತೆಗೆದರು. ಅಲ್ಲಿಗೆ ಗಂಟೆ ಬಾರಿಸಿತು.

1960ರಲ್ಲಿ ಅಮೆರಿಕದಲ್ಲಿ ಕೆನಡಿ ಮತ್ತು ನಿಕ್ಸನ್ ನಡುವೆ ಟೀವಿ ಚರ್ಚೆ ಆಯಿತಲ್ಲ, ಆಗಲೂ ಹೀಗೇ ಒಂದು ಮಾತು ಹುಟ್ಟಿಕೊಂಡಿತು. ಟೀವಿ ನೋಡಿದವರಿಗೆ ಕೆನಡಿ ಗೆದ್ದ ಹಾಗೆ ಕಂಡಿತು, ರೇಡಿಯೋ ಕೇಳಿದವರಿಗೆ ನಿಕ್ಸನ್ ಗೆದ್ದ ಹಾಗೆ ಕೇಳಿಸಿತು ಅಂತ. ಈ ಕತೆಯನ್ನು ಎಲ್ಲ ಪಂಡಿತರೂ ಒಪ್ಪುವುದಿಲ್ಲ. ನಾನು ರೇಡಿಯೋದಲ್ಲಿ ಕೂತು ಮಾತಾಡುತ್ತಿರುವವನು, ನನಗಂತೂ ಇಷ್ಟ. ಆದರೆ ರೇಡಿಯೋದವರೂ ಜಾಸ್ತಿ ಬೀಗುವ ಹಾಗಿಲ್ಲ. ಚುನಾವಣೆ ಹೊತ್ತಲ್ಲಿ ಆಕಾಶವಾಣಿ ಪುಕ್ಕಟೆ ಸಮಯ ಕೊಡುವುದು ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ. ಬರೀ ನೋಂದಣಿ ಆಗಿರುವ ಸಣ್ಣ ಪಕ್ಷ ಇಲ್ಲೂ ಬಾಗಿಲ ಹೊರಗೇ.

ಸರಿ, ಆಲೆಮನೆಗೆ ಬರೋಣ. ನಾನು ಹಿರಿಯರನ್ನು ಕೇಳಿದೆ, "ಹಾಗಾದರೆ ಓಟು ಅವರಿಗೇನಾ ಅಣ್ಣ?"

"ಗೆಲ್ಲಾಕಿಲ್ವಲ್ಲ ಮಗಾ. ಓಟು ದಂಡ ಆಯ್ತದೆ."

ಈ "ದಂಡ" ಅನ್ನುವ ಮಾತಿದೆಯಲ್ಲ, ಅದನ್ನು ಸುಮ್ನೆ ತಳ್ಳಿಹಾಕಲು ಬರುವುದಿಲ್ಲ. ವಿಧಾನಸಭೆಗೆ ನಿಲ್ಲುವವರು 10,000 ರೂಪಾಯಿ ಠೇವಣಿ ಇಡಬೇಕು. ಪರಿಶಿಷ್ಟರಿಗೆ ಅದರ ಅರ್ಧ. ಸೋತವರಿಗೆ ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬಂದಿಲ್ಲದಿದ್ದರೆ ಠೇವಣಿ ಹೋಯಿತು. ಟೀವಿ ಚಪ್ಪಾಳೆ ಈ ಲೆಕ್ಕಕ್ಕೆ ಬರುವುದಿಲ್ಲ. ಬ್ರಿಟನ್ನಿನಲ್ಲಿ 2010ರಲ್ಲಿ ಮೊದಲ ಸಲ ಇಂಥ ಚರ್ಚೆ ಆದಾಗ, ಮೂರನೇ ಪಕ್ಷದ ನಿಕ್ ಕ್ಲೆಗ್ ಒಂದೇ ರಾತ್ರಿಗೆ ಮನೆಮಾತಾದರು. ಮೂರು ವಾರ ಕಳೆದು ಎಣಿಸಿದಾಗ ಅವರ ಪಕ್ಷಕ್ಕೆ ಬಂದದ್ದು 650ರಲ್ಲಿ 57 ಸ್ಥಾನ. ಹಿಂದಿನ ಸಲಕ್ಕಿಂತ ಕಡಿಮೆ!

ಆದರೆ ಮಂಡ್ಯದವರ ಬಾಯಲ್ಲಿ ಈ ದಂಡದ ಮಾತು ಬಂದರೆ ನನಗೆ ಸ್ವಲ್ಪ ನಗು ಬರುತ್ತೆ. ಕೆ.ಎಸ್. ಪುಟ್ಟಣ್ಣಯ್ಯನವರನ್ನು ರೈತ ಸಂಘದಿಂದ 1994ರಲ್ಲಿ ಪಾಂಡವಪುರದಿಂದ ಕಳಿಸಿದವರು ಯಾರು? 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಮೇಲುಕೋಟೆಯಲ್ಲಿ ಗೆಲ್ಲಿಸಿದವರು ಯಾರು? ಅವರ ಮಗ ದರ್ಶನ್ 2018ರಲ್ಲಿ ಸೋತರು, 2023ರಲ್ಲಿ ಗೆದ್ದರು. ಆಗ ಕಾಂಗ್ರೆಸ್ಸಿನ ಬೆಂಬಲ ಇತ್ತು ಅನ್ನುವುದನ್ನೂ ಹೇಳಿಬಿಡಬೇಕು. 2019ರ ಲೋಕಸಭೆಯಲ್ಲಂತೂ ಪಕ್ಷವೇ ಇಲ್ಲದ ಸುಮಲತಾ ಅವರು 1,25,876 ಮತಗಳ ಅಂತರದಲ್ಲಿ ಗೆದ್ದರು. ಅವರಿಗೂ ಬಿಜೆಪಿ ಬೆಂಬಲ ಇತ್ತು. ಕಣದಲ್ಲಿ ಅದೇ ಹೆಸರಿನವರು ಇನ್ನೂ ಮೂವರು ಇದ್ದರು. ಆದರೂ ಜನ ಗುರುತು ಹುಡುಕಿ ಒತ್ತಿದರು.

ಅಷ್ಟಕ್ಕೂ ಸಣ್ಣ ಪಕ್ಷ ಅಂದರೆ ಯಾವುದು? ದೆಹಲಿಯಲ್ಲಿ ಸರ್ಕಾರ ನಡೆಸುತ್ತಿದ್ದ ಬಿಜೆಪಿಗೆ ಮಂಡ್ಯ ಜಿಲ್ಲೆಯಲ್ಲಿ ಮೊದಲ ಶಾಸಕ ಸಿಕ್ಕಿದ್ದು 2019ರ ಡಿಸೆಂಬರಿನಲ್ಲಿ, ಕೆ.ಆರ್. ಪೇಟೆ ಉಪಚುನಾವಣೆಯಲ್ಲಿ. 2018ರಲ್ಲಿ ಜಿಲ್ಲೆಯ ಏಳಕ್ಕೆ ಏಳೂ ಗೆದ್ದ ಜೆಡಿಎಸ್‌ಗೆ 2023ರಲ್ಲಿ ಉಳಿದದ್ದು ಒಂದು. ಟೀವಿಯವರು ಬೆಂಗಳೂರಿನಲ್ಲಿ ಕೂತು ಕುರ್ಚಿ ಹಾಕುವಾಗ ಯಾರು ನಡುವೆ, ಯಾರು ಮೂಲೆಗೆ ಅಂತ ತೀರ್ಮಾನ ಮಾಡುತ್ತಾರೆ. ನಾಲೆ ಏರಿ ಮೇಲೆ ನಿಂತು ನೋಡಿದರೆ ಆ ಕುರ್ಚಿಗಳೆಲ್ಲ ಜಾಗ ಬದಲಾಯಿಸಿರುತ್ತವೆ, ಅಲ್ವಾ?

ಪುಟ್ಟಣ್ಣಯ್ಯ ಮಾತುಗಾರರೇ. ಹಳ್ಳಿ ಮಾತಲ್ಲಿ ನಗಿಸಿ ನಗಿಸಿ ಚುಚ್ಚುತ್ತಿದ್ದರು. ಆದರೆ ಜನ ಅವರಿಗೆ ಓಟು ಹಾಕಿದ್ದು ಮಾತು ಕೇಳಿ ಮಾತ್ರ ಅಲ್ಲ ಅಂತ ನನ್ನ ಎಣಿಕೆ. ಕಬ್ಬಿನ ಬೆಲೆಗೆ, ನೀರಿಗೆ ರಸ್ತೆಗಿಳಿದಾಗ ಪಕ್ಕದಲ್ಲಿ ಕಂಡ ಮುಖ ಅದು. ಒಂದು ಗಂಟೆಯ ಚರ್ಚೆಯಲ್ಲಿ ಇದು ಕಾಣುವುದಿಲ್ಲ. ಚರ್ಚೆಯಲ್ಲಿ ಕಾಣುವುದು ಯಾರಿಗೆ ಬೇಗ ಸಿಟ್ಟು ಬರುತ್ತೆ, ಯಾರು ಚೀಟಿ ನೋಡದೆ ಮಾತಾಡುತ್ತಾರೆ, ಅಷ್ಟೇ. ಇಸ್ತ್ರಿ ಶರ್ಟಿನವರು ಹೇಳಿದ್ದರಲ್ಲಿ ಒಂದು ಸಾಲಾದರೂ ನೆನಪಿದೆಯಾ ಅಂತ ನಾನು ಮಾರನೇ ದಿನ ಆ ಹುಡುಗನನ್ನು ಕೇಳಿದೆ. ತಲೆ ಕೆರೆದುಕೊಂಡ. "ಸಂದಾಕ್ ಮಾತಾಡುದ್ರಲ್ಲಣ್ಣ" ಅಂದ.

ಆ ರಾತ್ರಿಯ ಕತೆ ಇನ್ನೂ ಸ್ವಲ್ಪ ಇದೆ. ಹಿರಿಯರ ಮಾತು ಕೇಳಿ ಹುಡುಗ ಮೊಬೈಲಿನಲ್ಲಿ ಹುಡುಕಿದ. ಬಡ್ಡಿ ವಿಚಾರ ಹೇಳಿದವರ ಪಕ್ಷದಿಂದ ನಮ್ಮ ಕ್ಷೇತ್ರದಲ್ಲಿ ಯಾರೂ ನಿಂತೇ ಇರಲಿಲ್ಲ! 2015ರಲ್ಲಿ ಬ್ರಿಟನ್ನಿನ ಏಳು ನಾಯಕರ ಚರ್ಚೆ ನೋಡಿದ ಎಷ್ಟೋ ಇಂಗ್ಲಿಷರು ಸ್ಕಾಟ್ಲೆಂಡಿನ ಪಕ್ಷಕ್ಕೆ ನಾವೂ ಓಟು ಹಾಕಬಹುದಾ ಅಂತ ಗೂಗಲಿನಲ್ಲಿ ಹುಡುಕಿದ್ದರು. ಆ ಪಕ್ಷ ನಿಲ್ಲುವುದು ಸ್ಕಾಟ್ಲೆಂಡಿನಲ್ಲಿ ಮಾತ್ರ. ಅವರಿಗೆ ಆದದ್ದೇ ನಮಗೂ ಆಯಿತು.

ಹಿರಿಯರು ಏನೂ ಬೇಜಾರು ಮಾಡಿಕೊಳ್ಳಲಿಲ್ಲ. ಒಂದು ತೊಟ್ಟು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿದರು. "ಹದಿನಾಲ್ಕು ದಿನ, ಹದಿನೈದು ಬಡ್ಡಿ. ಬರ್ಕೊಡ್ಲಾ ಒಂದು ಚೀಟೀಲಿ" ಅಂದರು. ಹುಡುಗ ಬರೆದುಕೊಟ್ಟ. ಅದನ್ನು ಅಂಗಿ ಜೇಬಿಗೆ ಇಟ್ಟುಕೊಂಡರು.

ಮೂರನೇ ದಿನ ದೊಡ್ಡ ಪಕ್ಷವೊಂದರ ಪ್ರಚಾರದ ಜೀಪು ಆಲೆಮನೆ ಮುಂದೆ ನಿಂತಿತಂತೆ. ಅಭ್ಯರ್ಥಿ ಇಳಿದು ಎಲ್ಲರಿಗೂ ಕೈ ಮುಗಿದರು. ಹಿರಿಯರು ಚೀಟಿ ತೆಗೆದು ಅವರ ಕೈಗೆ ಕೊಟ್ಟರು. ಅವರು ಓದಿದರು. ಇನ್ನೊಂದು ಸಲ ಓದಿದರು. "ನೋಡಣ ಬುಡಿ ಗೌಡ್ರೇ" ಅಂದು, ಒಂದು ಚೂರು ಬಿಸಿ ಬೆಲ್ಲ ಬಾಯಿಗೆ ಹಾಕಿಕೊಂಡು ಜೀಪು ಹತ್ತಿದರು. ಚೀಟಿ ವಾಪಸು ಕೊಡಲಿಲ್ಲವಂತೆ. ಹುಡುಗ ಇನ್ನೊಂದು ಬರೆದುಕೊಟ್ಟಿದ್ದಾನೆ.

ನಮಸ್ಕಾರ.