ಬೇಗ ಬನ್ನಿ, ಮೋಡ ನೋಡಿ

ಕೇಳುಗರಿಗೆ ನಮಸ್ಕಾರ.

ಚೆಂದದ ಮೋಡವನ್ನು ಕಂಡು ಸುಮ್ಮನಿದ್ದವರನ್ನು ನಾನು ನೋಡಿಲ್ಲ. ಸಂಜೆ ಪಡುವಣದಲ್ಲಿ ಬಾನು ಕೆಂಪೇರಿ, ಮುಗಿಲಿನ ಅಂಚಿಗೆ ಹೊನ್ನಿನ ಗೆರೆ ಹತ್ತಿತು ಎಂದುಕೊಳ್ಳಿ. ಅದನ್ನು ಮೊದಲು ಕಂಡವರು ಒಳಗಿದ್ದವರನ್ನು ಕೂಗುತ್ತಾರೆ. ‘ಬೇಗ ಬಾ, ಬೇಗ ಬಾ, ಹೋಗಿಬಿಡುತ್ತೆ!’ ಒಳಗಿದ್ದವರು ಕೈಗೆಲಸ ಬಿಟ್ಟು ಓಡಿಬರುವಷ್ಟರಲ್ಲಿ ಬಣ್ಣ ಅರ್ಧ ಆರಿಹೋಗಿರುತ್ತದೆ. ‘ಅಯ್ಯೋ, ಈಗಷ್ಟೇ ಎಷ್ಟು ಚೆನ್ನಾಗಿತ್ತು ಗೊತ್ತಾ’ ಎಂದು ಇವರು ಪೇಚಾಡುತ್ತಾರೆ. ಮೋಡ ಕಂಡೊಡನೆ ಕೈ ತಾನಾಗಿ ಮೊಬೈಲಿನ ಕಡೆ ಹೋಗುವುದು ಇದಕ್ಕೇ ಇರಬೇಕು. ನನ್ನ ಮಟ್ಟಿಗೆ ಮೋಡದ ಫೋಟೋ ಎಂದರೆ ಇದೇ ಕೂಗು. ಸ್ವಲ್ಪ ಹೆಚ್ಚು ದೂರಕ್ಕೆ ಕೇಳಿಸುವ, ಸ್ವಲ್ಪ ಹೆಚ್ಚು ಹೊತ್ತು ಉಳಿಯುವ ಕೂಗು.

ಒಂದು ಮೋಡದ ಹಿಂದೆ ಬಿದ್ದು ಅದರ ಹುಟ್ಟು, ಬಾಳು, ಕೊನೆ ಮೂರನ್ನೂ ನೋಡಬೇಕೆಂದು ಒಮ್ಮೆ ಬೆಳಗಿನ ಹತ್ತು ಗಂಟೆಗೆ ಮಹಡಿಯ ಮೇಲೆ ಕೂತಿದ್ದೆ. ಬಾನು ಅಚ್ಚ ನೀಲಿ. ಎಲ್ಲಿಂದಲೋ ಬಂದಿತು ಎನ್ನುವ ಹಾಗಿರಲಿಲ್ಲ. ಏನೂ ಇಲ್ಲದ ಕಡೆ ಮೊದಲು ಒಂದು ಮಸುಕು ಕಲೆ, ಕನ್ನಡಿಯ ಮೇಲೆ ಉಸಿರು ಬಿಟ್ಟಂತೆ. ಎರಡು ನಿಮಿಷದಲ್ಲಿ ಅದಕ್ಕೆ ಅಂಚು ಬಂತು, ಐದು ನಿಮಿಷಕ್ಕೆ ನೆತ್ತಿಯ ಮೇಲೆ ಹೂಕೋಸಿನಂಥ ಗಂಟುಗಳು ಉಬ್ಬಿದವು. ಬುಡ ಮಾತ್ರ ಅಳತೆಗೋಲು ಹಿಡಿದು ಕೊಯ್ದಷ್ಟು ಸಪಾಟು. ಆಮೇಲೆ ಒಂದು ಬದಿ ಹಿಂಜಿದ ಅರಳೆಯಂತೆ ಎಳೆಎಳೆಯಾಯಿತು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಅದು ಇದ್ದ ಜಾಗದಲ್ಲಿ ಮತ್ತೆ ನೀಲಿ. ಐದೈದು ನಿಮಿಷಕ್ಕೊಂದರಂತೆ ತೆಗೆದ ನಾಲ್ಕು ಫೋಟೋ ನನ್ನ ಬಳಿ ಉಳಿದಿವೆ.

ಆ ಸಪಾಟು ಬುಡದ ಗುಟ್ಟು ತಿಳಿದ ಮೇಲೆ ನನಗೆ ಮೋಡದ ಮೇಲಿನ ಪ್ರೀತಿ ಇನ್ನೂ ಹೆಚ್ಚಾಯಿತು. ಬಿಸಿಲಿಗೆ ನೆಲ ಕಾದು, ಅದಕ್ಕಂಟಿದ ಗಾಳಿ ಹಗುರಾಗಿ ಮೇಲೇಳುತ್ತದೆ. ಪ್ರತಿ 100 ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿಯಷ್ಟು ಅದು ತಣ್ಣಗಾಗುತ್ತ ಹೋಗುತ್ತದೆ. ಒಂದು ಎತ್ತರದಲ್ಲಿ ಅದರೊಳಗಿನ ಆವಿ ಇನ್ನು ಆವಿಯಾಗಿ ಉಳಿಯಲಾರದೆ, ಧೂಳಿನದೋ ಉಪ್ಪಿನದೋ ಕಣವನ್ನು ಆತು ಹನಿಯಾಗುತ್ತದೆ. ಆ ಎತ್ತರವೇ ಮೋಡದ ಬುಡ. ಹತ್ತಾರು ಮೋಡಗಳು ಕಾಣದ ಒಂದೇ ಗಾಜಿನ ಹಲಗೆಯ ಮೇಲೆ ಕೂತಂತೆ ತೋರುವುದು ಇದರಿಂದಲೇ. ಹನಿಯೋ, ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲಿನಷ್ಟು ಸಣ್ಣದು. ಅಂಥ ಹತ್ತು ಲಕ್ಷ ಹನಿ ಕೂಡಿದರೆ ಒಂದು ಮಳೆಹನಿ. ಉದ್ದ, ಅಗಲ, ಎತ್ತರ ಒಂದೊಂದು ಕಿಲೋಮೀಟರ್ ಇರುವ ಬಿಳಿ ಮೋಡದಲ್ಲಿ ಸುಮಾರು 500 ಟನ್ ನೀರು ಇರುತ್ತದೆ. ಹನಿಗಳು ಬೀಳುತ್ತಲೇ ಇರುತ್ತವೆ, ಆದರೆ ಸೆಕೆಂಡಿಗೆ ಒಂದು ಸೆಂಟಿಮೀಟರ್ ಆಸುಪಾಸಿನ ನಿಧಾನದಲ್ಲಿ. ಮೇಲೇಳುವ ಗಾಳಿ ಅವನ್ನು ಸಲೀಸಾಗಿ ಎತ್ತಿ ಹಿಡಿದಿರುತ್ತದೆ.

ಇಷ್ಟು ಬೇಗ ರೂಪ ಬದಲಿಸುವ ವಸ್ತುವಿಗೆ ಹೆಸರಿಡಲು ಬಹಳ ಕಾಲ ಯಾರೂ ಗಟ್ಟಿಯಾಗಿ ಕೈಹಾಕಿರಲಿಲ್ಲ. 1802ರಲ್ಲಿ ಫ್ರಾನ್ಸಿನ ವಿಜ್ಞಾನಿ ಲಾಮಾರ್ಕ್ ಕೆಲವು ಫ್ರೆಂಚ್ ಹೆಸರುಗಳನ್ನು ಸೂಚಿಸಿದ. ಅವು ಹಬ್ಬಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಲ್ಯೂಕ್ ಹೊವಾರ್ಡ್ ಎಂಬ ಔಷಧ ತಯಾರಕ ಲಂಡನ್ನಿನಲ್ಲಿ ಗೆಳೆಯರ ಒಂದು ಸಣ್ಣ ಸಭೆಯ ಮುಂದೆ ಮೋಡಗಳ ಬಗ್ಗೆ ಪ್ರಬಂಧ ಓದಿದ. ಗುಂಗುರು ಕೂದಲಿನಂಥದು ಸಿರಸ್, ರಾಶಿ ಸುರಿದಂಥದು ಕ್ಯುಮುಲಸ್, ಹಾಸಿದಂಥದು ಸ್ಟ್ರೇಟಸ್, ಮಳೆ ತರುವಂಥದು ನಿಂಬಸ್. ಎಲ್ಲ ದೇಶದ ವಿದ್ವಾಂಸರಿಗೂ ಆಗ ಗೊತ್ತಿದ್ದ ಲ್ಯಾಟಿನ್ ಪದಗಳವು. ಒಂದು ಬಗೆ ಇನ್ನೊಂದಕ್ಕೆ ತಿರುಗುವುದನ್ನು ಹೇಳಲು ಎರಡು ಹೆಸರುಗಳನ್ನು ಜೋಡಿಸಬಹುದು ಎಂದೂ ಆತ ತೋರಿಸಿದ. ಜರ್ಮನಿಯ ಮಹಾಕವಿ ಗಯಟೆಗೆ ಇದು ಎಷ್ಟು ಹಿಡಿಸಿತೆಂದರೆ, ಹೊವಾರ್ಡನನ್ನು ಕೊಂಡಾಡಿ ಪದ್ಯಗಳನ್ನೇ ಬರೆದ. ಹೆಸರು ಬಂದ ಮೇಲೆ ಒಂದು ಊರಿನವರು ಕಂಡ ಮೋಡವನ್ನು ಕಾಗದದಲ್ಲಿ ಬರೆದರೂ ಇನ್ನೊಂದು ಊರಿನವರಿಗೆ ಅರ್ಥವಾಗುವಂತಾಯಿತು. ನನಗೆ ಹೊವಾರ್ಡನ ದೊಡ್ಡ ಉಪಕಾರವೆಂದರೆ ಇದೇ.

ಗುರುತು ಹಿಡಿಯಲು ಉಪಕರಣ ಬೇಡ, ನಿಮ್ಮ ಕೈ ಸಾಕು. ಬಾನಲ್ಲಿ ಸಾಕಷ್ಟು ಮೇಲಿರುವ, ತುಣುಕು ತುಣುಕಾಗಿ ಹರಡಿದ ಮೋಡದ ಕಡೆ ತೋಳು ನೀಡಿ. ಒಂದು ತುಣುಕು ಕಿರುಬೆರಳಿನ ಹಿಂದೆ ಪೂರ್ತಿ ಅಡಗಿದರೆ ಅದು ಬಲು ಎತ್ತರದ ಸಿರೋಕ್ಯುಮುಲಸ್. ಮೂರು ಬೆರಳಿನ ಹಿಂದೆ ಅಡಗಿದರೆ ನಡು ಎತ್ತರದ ಆಲ್ಟೋಕ್ಯುಮುಲಸ್. ಅದಕ್ಕೂ ದೊಡ್ಡದಾದರೆ ಕೆಳಮಟ್ಟದ ಸ್ಟ್ರೇಟೋಕ್ಯುಮುಲಸ್.

ಇನ್ನೊಂದು ಅಳತೆ ಗೇಣಿನದು. ಒಂದು ಮಧ್ಯಾಹ್ನ ಬಸ್ಸಿಗೆ ಕಾಯುತ್ತಿದ್ದಾಗ ಸೂರ್ಯನ ಸುತ್ತ ದೊಡ್ಡ ಬೆಳಕಿನ ಬಳೆ ಮೂಡಿತ್ತು. ನಾನೊಬ್ಬನೇ ತಲೆಯೆತ್ತಿ ನಿಂತಿದ್ದೆ. ಪಕ್ಕದವರು ನನ್ನನ್ನು ನೋಡಿ ಮೇಲೆ ನೋಡಿದರು, ಅವರನ್ನು ನೋಡಿ ಇನ್ನಿಬ್ಬರು. ಸೂರ್ಯನನ್ನು ನೇರ ನೋಡಬೇಡಿ, ತೋಳು ಚಾಚಿ ಹೆಬ್ಬೆರಳಿನಿಂದ ಅವನನ್ನು ಮರೆಮಾಡಿ, ಗೇಣು ಬಿಡಿಸಿ ಎಂದೆ. ಎಲ್ಲರ ಕಿರುಬೆರಳೂ ಹೆಚ್ಚುಕಡಿಮೆ ಬಳೆಗೇ ಹೋಗಿ ಮುಟ್ಟಿತು. ಪುಟ್ಟ ಹುಡುಗನೊಬ್ಬ ಕೈ ಚಾಚಿದ. ಅವನ ಗೇಣು ಪುಟ್ಟದು, ತೋಳೂ ಪುಟ್ಟದು, ಲೆಕ್ಕ ಅವನಿಗೂ ಸರಿಹೋಯಿತು. ತೆಳ್ಳನೆಯ ಎತ್ತರದ ಮೋಡದಲ್ಲಿರುವ ಆರು ಮೂಲೆಯ ಹಿಮಹರಳುಗಳು ಬೆಳಕನ್ನು 22 ಡಿಗ್ರಿಯಷ್ಟು ಬಾಗಿಸುವುದರಿಂದ ಆ ಬಳೆಗೆ ಸದಾ ಅದೇ ಅಳತೆ. ಆಕಾಶಕ್ಕೆ ಮೂರೇ ಗೇಣು ಎನ್ನುತ್ತೇವಲ್ಲ, ಅವತ್ತು ಆ ಹುಡುಗನಿಗೆ ಒಂದೇ ಗೇಣು. ಬಸ್ಸು ಬಂದು ನಿಂತರೂ ನಾಲ್ಕಾರು ಕೈಗಳು ಇನ್ನೂ ಮೇಲೆಯೇ ಇದ್ದವು.

ಈಗ ಫೋಟೋದ ಮಾತು. ಕ್ಯಾಮೆರಾ ಹುಟ್ಟಿದ ಮೊದಲ ದಶಕಗಳಲ್ಲಿ ಮೋಡ ಅದಕ್ಕೆ ಸುಲಭವಾಗಿ ದಕ್ಕುತ್ತಿರಲಿಲ್ಲ. ಆಗಿನ ಗಾಜಿನ ಫಲಕಗಳಿಗೆ ನೀಲಿ ಬೆಳಕೆಂದರೆ ಬಲು ಚುರುಕು. ನೀಲಿ ಬಾನೂ ಬಿಳಿ ಮೋಡವೂ ಒಂದೇ ಸಮನೆ ಬೆಳ್ಳಗೆ ಮೂಡಿ, ನೆಲದ ಮೇಲೆ ಬರಿದಾದ ಬಾನು ಉಳಿಯುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಕಡಲಿಗೊಂದು, ಬಾನಿಗೊಂದು ಎಂದು ಎರಡು ನೆಗೆಟಿವ್ ತೆಗೆದು, ಎರಡನ್ನೂ ಒಂದೇ ಕಾಗದದ ಮೇಲೆ ಅಚ್ಚುಹಾಕಿ ಜನರನ್ನು ಬೆರಗುಗೊಳಿಸಿದ. 1922ರಿಂದ ಅಮೆರಿಕದ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ವರ್ಷಗಟ್ಟಲೆ ಮೋಡದ ಚಿತ್ರಗಳನ್ನೇ ತೆಗೆದ. ಅವುಗಳಲ್ಲಿ ಬಹುಪಾಲಿನಲ್ಲಿ ನೆಲದ ಸುಳಿವೇ ಇಲ್ಲ.

ನಮಗೆ ಅಷ್ಟು ಕಷ್ಟವಿಲ್ಲ. ಆದರೂ ‘ಕಣ್ಣಿಗೆ ಕಂಡದ್ದು ಫೋಟೋದಲ್ಲಿ ಬರಲಿಲ್ಲ’ ಎಂದು ಅನೇಕರು ಕೊರಗುತ್ತಾರೆ. ಕಾರಣ ಹೆಚ್ಚಾಗಿ ಒಂದೇ. ಮೊಬೈಲು ನೆಲದ ಕತ್ತಲೆಗೆ ತಕ್ಕಂತೆ ಬೆಳಕು ಹೆಚ್ಚಿಸಿಕೊಂಡು ಮೋಡವನ್ನು ಸುಣ್ಣದ ಗೋಡೆ ಮಾಡಿಬಿಡುತ್ತದೆ. ಪರದೆಯಲ್ಲಿ ಮೋಡದ ಅತಿ ಬೆಳಗುವ ಭಾಗದ ಮೇಲೆ ಬೆರಳೊತ್ತಿ, ಬೆಳಕನ್ನು ಸ್ವಲ್ಪ ತಗ್ಗಿಸಿ. ಆಗ ಬಿಳಿಯೊಳಗಿನ ಬೂದು, ಬೂದಿನೊಳಗಿನ ನೀಲಿ, ಮಡಿಕೆ, ನೆರಳು ಎಲ್ಲ ಎದ್ದುಬರುತ್ತವೆ. ಕೆಳಗೆ ಒಂದು ಮರದ ತುದಿಯೋ ದೀಪದ ಕಂಬವೋ ಇರಲಿ. ಮೋಡ ಎಷ್ಟು ದೊಡ್ಡದು ಎಂಬುದು ಅದರಿಂದಲೇ ಗೊತ್ತಾಗುವುದು. ಬಣ್ಣವನ್ನು ಆಮೇಲೆ ಕೂತು ಉಜ್ಜಿ ಉಜ್ಜಿ ಹೆಚ್ಚಿಸುವುದು ಮಾತ್ರ ನನಗೆ ಸರಿಬೀಳದು. ಬಾನು ಕೊಟ್ಟದ್ದು ಅಷ್ಟಿದ್ದರೆ ಅಷ್ಟೇ ಸಾಕು.

ಹೀಗೆ ತೆಗೆದ ಚಿತ್ರಗಳಿಂದ ವಿಜ್ಞಾನದ ಪುಸ್ತಕಕ್ಕೇ ಒಂದು ಹೊಸ ಹೆಸರು ಸೇರಿದೆ. ಮೋಡಗಳ ಅಧಿಕೃತ ಪಟ್ಟಿ ಎಂದರೆ ಅಂತರರಾಷ್ಟ್ರೀಯ ಮೇಘ ಅಟ್ಲಾಸ್, ಮೊದಲು ಬಂದದ್ದು 1896ರಲ್ಲಿ. 2006ರಲ್ಲಿ ಅಮೆರಿಕದ ಅಯೋವಾದಿಂದ, ಕಿಟಕಿಯಾಚೆ ಕಂಡ ವಿಚಿತ್ರ ಮೋಡದ ಚಿತ್ರವೊಂದು ಬ್ರಿಟನ್ನಿನ ಮೋಡಪ್ರಿಯರ ಸಂಘಕ್ಕೆ ತಲುಪಿತು. ಕೆರಳಿದ ಕಡಲನ್ನು ನೀರಿನಡಿಯಿಂದ ನೋಡಿದರೆ ಹೇಗಿರುತ್ತದೋ ಹಾಗಿತ್ತು ಅದು. ಇಂಥವೇ ಚಿತ್ರಗಳು ಬೇರೆ ಬೇರೆ ದೇಶಗಳಿಂದ ಬರತೊಡಗಿದವು. ವಿಶ್ವ ಹವಾಮಾನ ಸಂಸ್ಥೆ 2017ರಲ್ಲಿ ಅಟ್ಲಾಸನ್ನು ಪರಿಷ್ಕರಿಸಿದಾಗ ಆ ರೂಪವನ್ನು ‘ಆಸ್ಪೆರಿಟಾಸ್’ ಎಂಬ ಹೆಸರಿನಿಂದ ಸೇರಿಸಿಕೊಂಡಿತು. ಅದನ್ನು ಕಂಡವರಲ್ಲಿ ಬಹಳ ಮಂದಿ ಹವಾಮಾನ ತಜ್ಞರಲ್ಲ. ಕೆಲಸದ ನಡುವೆ ಕಿಟಕಿಯಾಚೆ ನೋಡಿ, ‘ಇದೇನು, ನೀವೂ ನೋಡಿ’ ಎಂದವರು.

ಕೊನೆಗೆ ಕಳೆದ ಮಳೆಗಾಲಕ್ಕೆ ಮುಂಚಿನ ಒಂದು ಸಂಜೆಯ ವಿಷಯ ಹೇಳುತ್ತೇನೆ. ನನ್ನ ಗೆಳತಿಯೊಬ್ಬಳು ನಾನಿರುವಲ್ಲಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದಾಳೆ. ನಮ್ಮಿಬ್ಬರ ನಡುವೆ ಅಂದು ಒಂದೇ ಒಂದು ಗುಡುಗುಮೋಡ ಎದ್ದಿತ್ತು. ಅಂಥ ಮೋಡ ಹನ್ನೆರಡು, ಹದಿನೈದು ಕಿಲೋಮೀಟರ್ ಎತ್ತರಕ್ಕೂ ಏರುತ್ತದೆ, ಬಾನು ತಿಳಿಯಾಗಿದ್ದರೆ ಬಹುದೂರಕ್ಕೆ ಕಾಣುತ್ತದೆ. ನನ್ನ ಫೋಟೋದಲ್ಲಿ ಅದು ಮುಳುಗುವ ಸೂರ್ಯನಿಗೆ ಅಡ್ಡ ನಿಂತ ಕಪ್ಪು ಬೆಟ್ಟ, ಅಂಚಿಗೆ ಬೆಂಕಿಯ ಗೆರೆ. ಅವಳು ಕಳಿಸಿದ ಫೋಟೋದಲ್ಲಿ ಅದೇ ಮೋಡ ಬುಡದಿಂದ ತುದಿಯವರೆಗೆ ಗುಲಾಬಿ, ಕಿತ್ತಳೆ. ನೆತ್ತಿಯಲ್ಲಿ ಕಮ್ಮಾರನ ಅಡಿಗಲ್ಲಿನಂತೆ ಚಾಚಿದ ಭಾಗ ಎರಡರಲ್ಲೂ ಇತ್ತು, ನನ್ನದರಲ್ಲಿ ಎಡಕ್ಕೆ, ಅವಳದರಲ್ಲಿ ಬಲಕ್ಕೆ. ಫೋನ್ ಮಾಡಿದೆ. ಕತ್ತಲಾಗುತ್ತ ಬಂತು, ಬಣ್ಣ ಎರಡೂ ಕಡೆ ಆರಿತು, ಇಬ್ಬರೂ ಫೋನ್ ಹಿಡಿದೇ ನಿಂತಿದ್ದೆವು. ಅಷ್ಟು ದೂರಕ್ಕೆ ಗುಡುಗು ಕೇಳಿಸುವುದಿಲ್ಲ. ಮೋಡದ ಹೊಟ್ಟೆಯೊಳಗೆ ಸದ್ದಿಲ್ಲದೆ ಮಿಂಚು ಹೊತ್ತಿಕೊಂಡಿತು. ‘ಈಗ!’ ಎಂದೆ. ‘ಈಗ!’ ಎಂದಳು ಅವಳೂ, ಅದೇ ಗಳಿಗೆಯಲ್ಲಿ.